ಓಣಿಯ ತುದಿಯಿಂದ ತಿರುಗಿ ಬಂದೆ

ನಾನು ಯೇಸುಸಭೆಯ ಪಾದ್ರಿ. ರಾಣೆಬೆನ್ನೂರಿಗೆ ಬಂದಾಗ ನನಗೆ ನಲವತ್ತು ದಾಟಿತ್ತು. ಇಲ್ಲಿ ನಮ್ಮ ಭಕ್ತರೆಂದರೆ ರೈಲ್ವೆಯಲ್ಲಿರುವ ಎರಡು ಕುಟುಂಬ, ಕೇರಳದ ಮೂವರು ನರ್ಸುಗಳು, ಒಬ್ಬ ನಿವೃತ್ತ ಮಾಸ್ತರರು. ಭಾನುವಾರ ಅವರಿಗಾಗಿ ರೊಟ್ಟಿ, ದ್ರಾಕ್ಷಾರಸದ ಬಲಿಪೂಜೆ ಅರ್ಪಿಸಿ, ಬೈಕ್ ಹತ್ತಿ ಬ್ಯಾಡಗಿಗೆ ಹೋದರೆ ಅಲ್ಲಿ ಇನ್ನು ನಾಲ್ಕು ಮನೆ. ಮೆಣಸಿನಕಾಯಿ ಬರುವ ಕಾಲದಲ್ಲಿ ಘಾಟಿಗೆ ಪೂಜೆಯ ನಡುವೆಯೇ ಎಲ್ಲರೂ ಕೆಮ್ಮುತ್ತಿದ್ದೆವು.

ಉಳಿದ ಆರು ದಿನ ನನ್ನ ಸೇವೆಯೆಲ್ಲ ಹೆಣ್ಣುಮಕ್ಕಳ ಹಾಸ್ಟೆಲ್‌ಗೆ. ಮೆಣಸಿನಕಾಯಿಯ ತೊಟ್ಟು ಮುರಿಯುವವರ, ಬಿತ್ತನೆ ಬೀಜ ಬೆಳೆಯುವ ಹೊಲಗಳಲ್ಲಿ ಕೂಲಿ ಮಾಡುವವರ ಮಕ್ಕಳು ಅಲ್ಲಿದ್ದುಕೊಂಡು ಸರ್ಕಾರಿ ಶಾಲೆಗೆ ಹೋಗುತ್ತಿದ್ದರು. ಇಬ್ಬರು ಸಿಸ್ಟರ್‌ಗಳು ಅವರನ್ನು ನೋಡಿಕೊಳ್ಳುತ್ತಿದ್ದರು. ಸಂಜೆ ನಾನು ಗಣಿತ ಹೇಳಿಕೊಡುತ್ತಿದ್ದೆ.

ಹತ್ತನೆಯ ತರಗತಿಯಲ್ಲಿ ಬ್ಯಾಡಗಿಯ ಹುಡುಗಿಯೊಬ್ಬಳಿದ್ದಳು. ನಾನು ಬೋರ್ಡಿನ ಮೇಲೆ ಲೆಕ್ಕ ಬಿಡಿಸುವಾಗ ಹಿಂದಿನಿಂದಲೇ ಕೂಗುತ್ತಿದ್ದಳು: “ಫಾದರ್, ಮೈನಸ್ ಬಿಟ್ಟೀರಿ ನೋಡ್ರಿ.” ಬಿಟ್ಟಿರುತ್ತಿದ್ದೆ. ಅವಳು ಹೇಳಿದ್ದು ತಪ್ಪಾದದ್ದು ನೆನಪಿಲ್ಲ.

ದೀಪಾವಳಿ ರಜೆಗೆ ಮನೆಗೆ ಹೋದವಳು ವಾಪಸು ಬರಲಿಲ್ಲ. ಒಂದು ಮಧ್ಯಾಹ್ನ ಅವಳ ತಾಯಿ ಬಂದಳು. ತೊಟ್ಟು ಮುರಿಯುವ ಕೆಲಸದಿಂದ ನೇರ ಬಸ್ಸು ಹತ್ತಿ ಬಂದಿದ್ದಳು. ಕೈಗಳು ಇನ್ನೂ ಕೆಂಪಗಿದ್ದವು.

“ಅಕೀ ಲಗ್ನ ಹಿಡಿದಾರ್ರಿ. ಇನ್ನ ಎಂಟು ದಿನ ಐತಿ. ಹದಿನಾರೂ ತುಂಬಿಲ್ಲ. ನಮ್ಮ ಮನಿಯವರು ನನ್ನ ಮಾತು ಕೇಳಂಗಿಲ್ಲ. ನೀವು ಯಾರಿಗರ ಒಂದು ಫೋನ್ ಮಾಡ್ರಿ, ಫಾದರ್.”

“ನೋಡ್ತೇನವ್ವಾ” ಎಂದೆ. “ಪ್ರಾರ್ಥನಾ ಮಾಡ್ತೇನಿ.”

ಮಕ್ಕಳ ಸಹಾಯವಾಣಿಯ ನಂಬರು ಹಾಸ್ಟೆಲ್ಲಿನ ಗೋಡೆಯ ಮೇಲೇ ಇತ್ತು. ಆದರೆ ಅದೇ ವರ್ಷ ಕೆಲವರು ನಮ್ಮ ಗೇಟಿನ ಮುಂದೆ ಬಂದು, ಪಾದ್ರಿ ಮಕ್ಕಳ ಧರ್ಮ ಕೆಡಿಸುತ್ತಾನೆಂದು ಕೂಗಿ ಹೋಗಿದ್ದರು. ಯಾರ ಮನೆಯ ವಿಷಯಕ್ಕೂ ಕೈ ಹಾಕಬೇಡಿ ಎಂದು ನನ್ನ ಮೇಲಿನವರು ಹೇಳಿದ್ದರು. ಒಂದು ಮದುವೆ ನಿಲ್ಲಿಸಲು ಹೋಗಿ ಹಾಸ್ಟೆಲ್ಲೇ ಮುಚ್ಚಿದರೆ ಉಳಿದ ಮಕ್ಕಳ ಗತಿಯೇನು? ಹೀಗೆ ನನಗೆ ನಾನೇ ಹೇಳಿಕೊಂಡೆ. ಎಂಟು ದಿನವೂ ಹೇಳಿಕೊಂಡೆ.

ಮದುವೆಯ ಬೆಳಿಗ್ಗೆ ತಡೆಯಲಾರದೆ ಬ್ಯಾಡಗಿಗೆ ಹೋದೆ. ಓಣಿಯ ತುದಿಯಿಂದಲೇ ಪೆಂಡಾಲು ಕಂಡಿತು. ಬೈಕಿನಿಂದ ಇಳಿಯಲಿಲ್ಲ. ಬ್ಯಾಂಡಿನವರು ನನ್ನನ್ನು ಬೀಗರ ಕಡೆಯವನೆಂದು ತಿಳಿದು “ಬರ್ರಿ, ಬರ್ರಿ” ಎಂದು ದಾರಿ ಬಿಟ್ಟರು. ನಾನು ಗಾಡಿ ತಿರುಗಿಸಿದೆ.

ಮರುವರ್ಷ ಹೆರಿಗೆಗೆಂದು ಅವಳನ್ನು ಹಾವೇರಿಯ ಆಸ್ಪತ್ರೆಗೆ ಸೇರಿಸಿದರು. ರಕ್ತಸ್ರಾವ ನಿಲ್ಲಲಿಲ್ಲ. ಕೂಸೂ ಉಳಿಯಲಿಲ್ಲ. ಸುದ್ದಿ ನನಗೆ ಮುಟ್ಟುವ ಹೊತ್ತಿಗೆ ಮಣ್ಣು ಮುಗಿದು ನಾಲ್ಕು ದಿನವಾಗಿತ್ತು.

ತಿಂಗಳಾದ ಮೇಲೆ ತಾಯಿ ಮತ್ತೆ ಬಂದಳು. ಬೈಯಲು ಬಂದಿದ್ದಾಳೆಂದುಕೊಂಡೆ, ಬೈದಿದ್ದರೆ ಒಳ್ಳೆಯದಿತ್ತು. ಅವಳಿಗೆ ಬೇಕಾದದ್ದು ಫೋಟೋ.

“ಲಗ್ನದ್ದು ಅದಾವ್ರಿ, ನನಗ ಬ್ಯಾಡ. ಅದರಾಗ ಅಕೀ ಅಕೀಯಂಗ ಇಲ್ಲ. ಎರಡು ಜಡಿ ಹಾಕ್ಕೊಂಡು, ಸಾಲಿ ಅಂಗಿ ಹಾಕ್ಕೊಂಡಿದ್ದು ನಿಮ್ಮ ಹತ್ರ ಐತೇನ್ರಿ?”

ಪ್ರವೇಶದ ಅರ್ಜಿಯ ಮೇಲೆ ಅಂಟಿಸಿದ್ದನ್ನು ಬಿಡಿಸಿದೆ. ಒಂದು ಮೂಲೆ ಹರಿಯಿತು. ಕೊಡುವಾಗ ನನಗೆ ತಡೆಯಲಾಗಲಿಲ್ಲ.

“ನಾ ಫೋನ್ ಮಾಡಲಿಲ್ಲವ್ವಾ” ಎಂದೆ.

“ಗೊತ್ತೈತ್ರಿ” ಎಂದಳು. “ಮಾಡಿದ್ರ ಯಾರರ ಬರ್ತಿದ್ರು.” ಫೋಟೋವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತ, “ನಿಮಗೂ ಅಂಜಿಕಿ ಇರ್ತೈತಲ್ರಿ” ಎಂದಳು. ಅವಳ ಮಾತಿನಲ್ಲಿ ಕೊಂಕಿರಲಿಲ್ಲ. ನನ್ನ ಮೇಲೆ ಮರುಕಪಟ್ಟೇ ಹಾಗೆ ಹೇಳಿದಳು.

ನಮ್ಮ ಹಿರಿಯ ಪಾದ್ರಿಯೊಬ್ಬರ ಮುಂದೆ ಮೊಣಕಾಲೂರಿ ಪಾಪನಿವೇದನೆ ಮಾಡಿದೆ. ಅವರು ಕ್ಷಮೆಯ ಮಾತು ಹೇಳಿ ತಲೆಯ ಮೇಲೆ ಕೈಯಿಟ್ಟರು. ಆ ಮಾತನ್ನು ನಾನೂ ಎಷ್ಟೋ ಜನರಿಗೆ ಹೇಳಿದ್ದೇನೆ. ಅವರೆಲ್ಲ ಹಗುರಾಗಿ ಎದ್ದು ಹೋದದ್ದನ್ನು ಕಂಡಿದ್ದೇನೆ. ನಾನು ಬಂದ ಹಾಗೆಯೇ ಎದ್ದೆ.

ಮುಂದಿನ ಜೂನಿನಲ್ಲಿ ಹಾಸ್ಟೆಲ್ ಮುಚ್ಚಿತು. ಯಾರೂ ಗಲಾಟೆ ಮಾಡಲಿಲ್ಲ. ಮಕ್ಕಳು ಕಡಿಮೆಯಾದರು, ಸಿಸ್ಟರ್‌ಗಳನ್ನು ಬೇರೆ ಊರಿಗೆ ಕಳಿಸಿದರು, ಅಷ್ಟೇ. ಯಾವುದನ್ನು ಉಳಿಸಬೇಕೆಂದು ಬಾಯಿ ಮುಚ್ಚಿಕೊಂಡಿದ್ದೆನೋ ಅದು ತಾನಾಗಿಯೇ ಹೋಯಿತು. ಮಂಚಗಳನ್ನು ಲಾರಿಗೆ ಹೇರುವಾಗ ನಾನೂ ಒಂದು ಕಡೆ ಹಿಡಿದೆ.

ನನ್ನನ್ನು ಇಲ್ಲೇ ಬಿಟ್ಟಿದ್ದಾರೆ. ಈಗಲೂ ಬ್ಯಾಡಗಿಯಲ್ಲಿ ಪೂಜೆ ಅರ್ಪಿಸುತ್ತೇನೆ. ಕೈ ತಾನಾಗಿ ರೊಟ್ಟಿಯನ್ನು ಎತ್ತುತ್ತದೆ, ಬಾಯಿ ತಾನಾಗಿ ಪ್ರಾರ್ಥನೆ ಹೇಳುತ್ತದೆ. ಕೇಳುವವನು ಅಲ್ಲಿ ಇದ್ದಾನೆಯೇ ಎಂದು ನಾನು ಈಗ ವಿಚಾರಿಸುವುದಿಲ್ಲ. ರಾಣೆಬೆನ್ನೂರಿನ ಮಾಸ್ತರರ ತಂಗಿ ಅಲ್ಲಿದ್ದಾಳೆ, ಪೂಜೆ ಮುಗಿದ ಮೇಲೆ ಚಹಾ ಕೊಡುತ್ತಾಳೆ, ಕುಡಿಯುತ್ತೇನೆ. ಆ ತಾಯಿ ಕೂಲಿ ಮಾಡುವ ಬೀದಿಯನ್ನು ಬಿಟ್ಟು, ಸುತ್ತು ಹಾಕಿ ಊರಿಗೆ ಬರುತ್ತೇನೆ.