ಅಮ್ಮನಿಗೆ ಬಾರಿಸಿದ ಸಾವಿನ ಗಂಟೆ

ಮೊನ್ನೆ ಕಪಾಟು ತೆರೆದಾಗ ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ಸೊಸೆ ಮೂಗು ಮುಚ್ಚಿಕೊಂಡು ಕಿಟಕಿ ತೆರೆಯಲು ಹೋದಳು. ನಾನು ಕಪಾಟಿನ ಬಾಗಿಲು ಹಿಡಿದು ಅಲ್ಲೇ ನಿಂತೆ. ನನಗೆ ಆ ವಾಸನೆ ಎಂದರೆ ನಮ್ಮ ವಾಡೆಯ ಗುರ್ಕಾರ್ ಮಾಮನ ಕರಿ ಕೋಟು. ಹಬ್ಬಕ್ಕೂ ಹೆಣಕ್ಕೂ ಅವರಿಗೆ ಇದ್ದದ್ದು ಅದೊಂದೇ.

ಗುರ್ಕಾರ್ ಎಂದರೆ ಇಗರ್ಜಿಯವರು, ಅಂದರೆ ಚರ್ಚಿನವರು, ಒಂದೊಂದು ಕೇರಿಯನ್ನು ಒಂದು ವಾಡೆ ಮಾಡಿ ವಾಡೆಗೊಬ್ಬರಂತೆ ನೇಮಿಸುವ ಹಿರಿಯ. ಬೆಳ್ತಂಗಡಿಯಿಂದ ಮೂರು ಮೈಲು ಒಳಗೆ ನಮ್ಮ ವಾಡೆ. ಅಲ್ಲಿ ನಮ್ಮ ಕ್ರಿಸ್ತುವರದ್ದು ಹದಿನಾಲ್ಕೋ ಹದಿನೈದೋ ಮನೆ. ಯಾರ ಮನೆಯಲ್ಲಿ ಕಾಯಿಲೆ, ಯಾರ ಮನೆಯಲ್ಲಿ ಜಗಳ, ಯಾರು ಸಂಜೆಯ ಪ್ರಾರ್ಥನೆ ತಪ್ಪಿಸಿ ಮಲಗಿದರು, ಎಲ್ಲ ಅವರಿಗೆ ಗೊತ್ತಿರಬೇಕು. ನಿಧಾನ ಎಂಬುದು ಮಾತ್ರ ಆ ಮನುಷ್ಯನಿಗೆ ಗೊತ್ತೇ ಇರಲಿಲ್ಲ. ಗಂಡಿನ ಕಡೆಯವರು ಒಪ್ಪಿಗೆ ಹೇಳುವ ಮೊದಲೇ ಚಪ್ಪರಕ್ಕೆ ಬಿದಿರು ಕಡಿಸುವವರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರು ಯಾರು ಎಂದು ಕೇಳಿದರೆ ನಾವು ಹುಡುಗಿಯರು ಅವರ ಮನೆಯ ಕಡೆ ಬೆರಳು ತೋರಿಸಿ ನಗುತ್ತಿದ್ದೆವು.

ಐವತ್ತರ ದಶಕದ ಕೊನೆಯ ಮಾತು ಇದು. ನನಗೆ ಹದಿನೆಂಟು. ಅಪ್ಪ ತೀರಿ ಎರಡು ವರ್ಷ ಆಗಿತ್ತು, ನನ್ನ ಕೆಳಗೆ ಇಬ್ಬರು ತಂಗಿಯರು. ಗೇಣಿಯ ಗದ್ದೆಯಲ್ಲಿ ಮೊದಲ ಬೆಳೆಯ ಪೈರು ಹಣ್ಣಾಗಿ ನಿಂತ ಹೊತ್ತಿಗೆ ಸರಿಯಾಗಿ ಅಮ್ಮ ವಿಷಮಶೀತ ಜ್ವರದಲ್ಲಿ ಮಲಗಿದಳು. ಮೂರು ವಾರ ಜ್ವರ ಇಳಿಯಲೇ ಇಲ್ಲ. ಬಂಟ್ವಾಳದಿಂದ ಕರೆಸಿದ ಡಾಕ್ಟರರು ಇನ್ನು ದೇವರ ಕೈಯಲ್ಲಿ ಎಂದು ಹೇಳಿ ಹೋದರು. ಪಾದ್ರಿಗಳು ಬಂದು ಸಾಯುವವರಿಗೆ ಹಚ್ಚುವ ಎಣ್ಣೆಯನ್ನೂ ಹಚ್ಚಿದರು. ಅಮ್ಮ ಹೋದರೆ ನಾವು ಮೂವರು ಹೆಣ್ಣುಮಕ್ಕಳು ಎಲ್ಲಿಗೆ... ಆ ಒಂದು ಯೋಚನೆ ನನ್ನನ್ನು ರಾತ್ರಿ ಮಲಗಲು ಬಿಡುತ್ತಿರಲಿಲ್ಲ. ದೇವರ ಮೇಲೆ ಸಿಟ್ಟೂ ಬಂದಿತ್ತು, ಸುಳ್ಳು ಯಾಕೆ ಹೇಳಲಿ.

ಎಣ್ಣೆ ಹಚ್ಚಿದ ಮರುದಿನ ಬೆಳಿಗ್ಗೆ ಗುರ್ಕಾರ್ ಮಾಮ ಇಗರ್ಜಿಯ ಪೂಜೆಗೆ ಹೋಗುವ ದಾರಿಯಲ್ಲಿ ನೋಡಲು ಬಂದರು. ಅಮ್ಮ ಅಲ್ಲಾಡದೆ ಮಲಗಿದ್ದಳು. ಅವರು ಬಗ್ಗಿ ಕಾಲು ಮುಟ್ಟಿದರು. ಕಾಲು ತಣ್ಣಗಿತ್ತು. ಹಣೆ ಮುಟ್ಟಿದರು, ಅದೂ ತಣ್ಣಗೆ. ಮೂರು ವಾರ ಕೆಂಡದ ಹಾಗಿದ್ದ ಮೈ.

"ಮುಗಿಯಿತು ಮಗಾ," ಎಂದರು. "ಪೂಜೆ ಬಿಡುವ ಮೊದಲು ನಾನು ಇಗರ್ಜಿಗೆ ಮುಟ್ಟಬೇಕು. ಜನ ಅಲ್ಲೇ ಸಿಕ್ತಾರೆ." ಶಿಲುಬೆ ಗುರುತು ಹಾಕಿ ಅಂಗಳ ದಾಟಿ ಓಡಿದರು. ನಾನಾದರೂ ಅಮ್ಮನ ಮೂಗಿನ ಹತ್ತಿರ ಬೆರಳು ಹಿಡಿದು ನೋಡಬಾರದಿತ್ತೇ? ನೋಡಲಿಲ್ಲ. ಗುರ್ಕಾರ್ ಮಾಮ ಹೇಳಿದ ಮೇಲೆ ನಮಗೆ ಬೇರೆ ಮಾತಿರಲಿಲ್ಲ. ತಂಗಿಯರನ್ನು ತಬ್ಬಿಕೊಂಡು ಬೊಬ್ಬೆ ಹೊಡೆದು ಅತ್ತೆ.

ಅತ್ತದ್ದು ಎಷ್ಟು ಹೊತ್ತೋ... "ಎಂತ ಬೊಬ್ಬೆ ಅದು? ಒಲೆಗೆ ಬೆಂಕಿ ಹಾಕ್ಲಿಲ್ವಾ ಇನ್ನೂ?" ಎಂದು ಸಣ್ಣ ಸ್ವರ ಕೇಳಿತು. ಅಮ್ಮ ಕಣ್ಣು ಬಿಟ್ಟಿದ್ದಳು. ಬೆನ್ನ ಕೆಳಗಿನ ಬಟ್ಟೆ ಬೆವರಿನಲ್ಲಿ ತೊಪ್ಪೆಯಾಗಿತ್ತು. ಜ್ವರ ಬಿಟ್ಟಿತ್ತು, ಮೈ ತಣ್ಣಗಾದದ್ದು ಅದಕ್ಕೇ. ನಾನು ಅಳುತ್ತಲೇ ಗಂಜಿಗೆ ನೀರಿಟ್ಟೆ. ಅಷ್ಟು ಹೊತ್ತಿಗೆ ಗುಡ್ಡದ ಮೇಲಿನ ಇಗರ್ಜಿಯಿಂದ ಗಂಟೆ ಕೇಳಿತು. ಒಂದು ಪೆಟ್ಟು, ಮತ್ತೆ ತುಂಬಾ ಹೊತ್ತು ಬಿಟ್ಟು ಇನ್ನೊಂದು. ಸಾವಿನ ಗಂಟೆ.

"ಯಾರು ಹೋದದ್ದು?" ಎಂದು ಅಮ್ಮ ಕೇಳಿದಳು. ನಾನು ಒಲೆಯ ಕಡೆ ತಿರುಗಿ ಸೌದೆ ಮುಂದೆ ತಳ್ಳಿದೆ. ಆ ಗಂಟೆ ಕೇಳಿದವರು ಮಾಡುತ್ತಿದ್ದ ಕೆಲಸ ನಿಲ್ಲಿಸಿ ಹೋದವರ ಆತ್ಮಕ್ಕೆ ಶಾಂತಿ ಬೇಡುವುದು ನಮ್ಮಲ್ಲಿ ಕ್ರಮ. ಅಮ್ಮ ಕೈ ಜೋಡಿಸಿ, "ಪಾಪ, ಯಾರೋ ಏನೋ," ಎಂದು ಇಡೀ ಪ್ರಾರ್ಥನೆ ಹೇಳಿ ಮುಗಿಸಿದಳು. ತನಗೆ ತಾನೇ ಹೇಳಿಕೊಂಡದ್ದು ಎಂದು ಅವಳಿಗೆ ಗೊತ್ತಾಗುವಾಗ ಗಂಜಿ ಬೆಂದಿತ್ತು.

ಆಮೇಲೆ ಜನ ಬಂದರು. ಗದ್ದೆಯ ಹುಣಿಯ ಮೇಲೆ ಸಾಲಾಗಿ, ಮೂವತ್ತು ನಲವತ್ತು ಮಂದಿ, ಕೆಲವರ ಕೈಯಲ್ಲಿ ಮೇಣದ ಬತ್ತಿ, ಕೆಲವರ ತಲೆಯ ಮೇಲೆ ಸಾವಿನ ಮನೆಗೆಂದು ಅಕ್ಕಿ, ತೆಂಗಿನಕಾಯಿ. ಮುಂದೆ ಕರಿ ಕೋಟು ಹಾಕಿಕೊಂಡ ಗುರ್ಕಾರ್ ಮಾಮ, ಅವರ ಹಿಂದೆ ಪೆಟ್ಟಿಗೆಗೆ ಅಳತೆ ತೆಗೆಯಲು ಬಂದ ಆಚಾರಿ. ಅಮ್ಮ ತೆರೆದ ಬಾಗಿಲಿಗೆ ಎದುರಾಗಿ ಗೋಡೆಗೆ ಒರಗಿ ಗಂಜಿ ಕುಡಿಯುತ್ತಿದ್ದಳು. ಒಬ್ಬರು ಅಜ್ಜಿ ಅಂಗಳದಲ್ಲೇ ಮೊಣಕಾಲೂರಿದರು. ಅವರನ್ನು ನೋಡಿ ಎಲ್ಲರೂ ಊರಿದರು. ಗುರ್ಕಾರ್ ಮಾಮನ ಮುಖ ನೋಡಲಿಕ್ಕಾಗುವಂತಿರಲಿಲ್ಲ. ಅವರು ಮೆಟ್ಟಿಲು ಹತ್ತಲೇ ಇಲ್ಲ.

"ಬಂದದ್ದು ಬಂದಿರಿ, ಗಂಜಿ ಕುಡಿದು ಹೋಗಿ," ಎಂದಳು ಅಮ್ಮ.

"ಹೋಗುವುದು ಎಂತ?" ಎಂದರು ಗುರ್ಕಾರ್ ಮಾಮ, ತಲೆ ಎತ್ತದೆ. "ಪೈರು ಉದುರ್ಲಿಕ್ಕೆ ಶುರುವಾಗಿದೆ. ಕತ್ತಿ ತನ್ನಿ, ಕೊಯ್ಯುವ."

ಹೆಣಕ್ಕೆಂದು ಬಂದವರು ಒಳ್ಳೆಯ ಬಟ್ಟೆಯಲ್ಲೇ ಗದ್ದೆಗಿಳಿದರು. ಸಂಜೆಗೆ ನಮ್ಮ ಇಡೀ ಪೈರು ಕೊಯ್ದು ಅಂಗಳಕ್ಕೆ ಬಂತು. ಆಚಾರಿಯೂ ನಗುತ್ತಾ ಪೈರಿನ ಸೂಡಿ ಹೊತ್ತರು. ಪಾದ್ರಿಗಳು ಗುರ್ಕಾರ್ ಮಾಮನಿಗೆ ಆಮೇಲೆ ಸರಿಯಾಗಿ ಬೈದರಂತೆ. ಅಮ್ಮ ಮಾತ್ರ ಒಂದು ದಿನವೂ ಬೈಯಲಿಲ್ಲ. ಅವರು ಎದುರು ಸಿಕ್ಕಿದರೆ, "ನೋಡಿ ಗುರ್ಕಾರರೇ, ಇವತ್ತೂ ಇದ್ದೇನೆ," ಎನ್ನುತ್ತಿದ್ದಳು, ಅಷ್ಟೇ.

ಅರವತ್ತರ ದಶಕದ ಕೊನೆಗೆ ಗುರ್ಕಾರ್ ಮಾಮ ಹೋದರು. ನಾನು ಮದುವೆಯಾಗಿ ಮೂಡುಬಿದಿರೆಯ ಹತ್ತಿರ ತೋಡಾರಿನಲ್ಲಿದ್ದೆ, ಸುದ್ದಿ ಮುಟ್ಟುವಾಗ ಮಣ್ಣು ಮಾಡಿ ಆಗಿತ್ತು. ತಿಂಗಳ ಪೂಜೆಗೆ ಹೋದಾಗ ಅವರ ಹೆಂಡತಿ, ನಮ್ಮ ಮಾಮಿ, ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. ಮಾತಿಗೆ ಮಾತು ಬಂದು ಹೇಳಿದರು: "ಆ ದಿನ ಗಂಟೆ ಬಾರಿಸಿ ಕೋಟು ಹಾಕ್ಲಿಕ್ಕೆ ಮನೆಗೆ ಬಂದವರು ನನ್ನ ಹತ್ರ ಹೇಳಿದ್ದು ಒಂದೇ ಮಾತು. ಒಳಗಿನ ಕೋಣೆಯಲ್ಲಿ ಇನ್ನೂ ಮೂರು ಚಾಪೆ ಹಾಕು, ಮಕ್ಕಳು ಇವತ್ತಿಂದ ಇಲ್ಲಿ ಅಂತ. ನಾನು ಹಾಕಿಯೇ ನಿಮ್ಮಲ್ಲಿಗೆ ಬಂದದ್ದು. ಸಂಜೆ ಹೋಗಿ ಮಡಚಿ ಇಟ್ಟೆ."

ಅವರದ್ದೇ ಏಳು ಮಕ್ಕಳು. ಆ ಮನೆಯಲ್ಲಿ ಗಂಜಿಗೂ ಅಳತೆ ಇತ್ತು... ನಾನು ಅತ್ತೆ. ಬದುಕಿರುವಾಗ ಅವರ ಅವಸರಕ್ಕೆ ನಕ್ಕದ್ದೇ ಬಂತು, ಒಂದು ಉಪಕಾರದ ಮಾತು ಹೇಳಲಿಲ್ಲ. ಗೊತ್ತಾಗುವಾಗ ಹೇಳಲಿಕ್ಕೆ ಅವರಿರಲಿಲ್ಲ.

ಈಗ ಅಮ್ಮ ಇಲ್ಲ, ಮಾಮಿ ಇಲ್ಲ. ಆ ದಿನ ಗದ್ದೆಗಿಳಿದವರಲ್ಲಿ ಒಬ್ಬರೂ ಉಳಿದಿಲ್ಲ. ಸಂಜೆ ಪ್ರಾರ್ಥನೆಗೆ ಕೂತರೆ ಈಗ ನನಗೆ ಬೇಡುವುದು ಕಡಿಮೆ. ಅಮ್ಮನನ್ನು ಉಳಿಸಿಕೊಟ್ಟದ್ದಕ್ಕೆ ದೇವರಿಗೆ ಮೊದಲು ಸ್ತೋತ್ರ ಹೇಳುತ್ತೇನೆ. ಆಮೇಲೆ, ಅವಳು ಉಳಿಯದೆ ಹೋಗಿದ್ದರೂ ನಾವು ಬೀದಿ ಪಾಲಾಗದ ಹಾಗೆ ಅಂಥ ಜನರ ನಡುವೆ ಇಟ್ಟದ್ದಕ್ಕೆ.