ಎರಡನೆಯ ಸಾಲು

ವಿಜಯಮಹಾಂತೇಶ ತೀರಿಕೊಂಡು ತಿಂಗಳಾಗಿತ್ತು. ೨೦೦೮ನೇ ಇಸವಿ. ರಾಣೆಬೆನ್ನೂರಿನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದವನು ಹೆಂಡತಿ ಪುಷ್ಪಲತಾಗಾಗಿ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಒಂದು ಆಟ ಬರೆದಿದ್ದ. ಚಿತ್ರವಿಲ್ಲ, ಕರಿ ಪರದೆಯ ಮೇಲೆ ಬರೀ ಅಕ್ಷರ. ಮೆಣಸಿನಕಾಯಿ ಚೀಲ ಹೊತ್ತವನು ನಾಯಿಗಳಿಂದ ತಪ್ಪಿಸಿಕೊಂಡು ಬ್ಯಾಡಗಿ ಪೇಟೆ ಮುಟ್ಟಬೇಕು, ಅಷ್ಟೇ.

ಮೊದಲು ಅದರಲ್ಲಿ ಇಂಗ್ಲಿಷ್ ಪದ ಟೈಪ್ ಮಾಡಬೇಕಿತ್ತು. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತುಂಬು, ಅಂದರೆ ತೊಟ್ಟು, ಮುರಿಯುತ್ತ ಬೆಳೆದ ಪುಷ್ಪಲತಾಗೆ ಅದು ಬರಲಿಲ್ಲ.

“ತುಂಬು ಮುರಿಯೂ ಕೈ ನಿಂದು, ಗುಂಡೀನೂ ಮುರೀತಿ” ಎಂದು ಅವನು ನಕ್ಕ. ಎರಡು ವಾರ ಕುಳಿತು ಬಾಣದ ಗುಂಡಿಗೆ ಕೆಲಸ ಕೊಟ್ಟ. ಒತ್ತಿದಂತೆ ಒಂದು ಚುಕ್ಕಿ ಸಾಲಿನಿಂದ ಸಾಲಿಗೆ ಇಳಿಯುತ್ತಿತ್ತು. “ಓದಬ್ಯಾಡ, ಎಣಿಸು. ಮೊದಲನೇದು ಹೊಸ ಆಟ, ಎರಡನೇದು ನಿಲ್ಲಿಸಿದ ಆಟ ಮುಂದುವರಿಸೂದು, ಮೂರನೇದು ಅಳಿಸೂದು.”

ಅವನು ಹಾವೇರಿ ಆಸ್ಪತ್ರೆಗೆ ಹೊರಟ ಬೆಳಿಗ್ಗೆ ಆಟದ ಚೀಲದವನು ಪೇಟೆಯ ಬಾಗಿಲಲ್ಲಿದ್ದ. “ಬಂದು ಮುಗಸೋಣು” ಎಂದಿದ್ದ. ಬರಲಿಲ್ಲ.

ಆಮೇಲೆ ಅವಳು ಕಂಪ್ಯೂಟರ್ ಮುಟ್ಟಿರಲಿಲ್ಲ. ಎಲ್ಲಿ ಏನು ಅಳಿಸಿಹೋದೀತೋ ಎಂಬ ಹೆದರಿಕೆ. ಇವತ್ತು ಮೈದುನ ವೀರೇಂದ್ರ ಅದನ್ನು ಒಯ್ಯಲು ಬಂದಿದ್ದ.

“ಎಲ್ಲಾ ಅಳಿಸಿ ಹೊಸದು ಹಾಕತೇನಿ ವೈನಿ.”

“ತಡಿಯಪಾ. ಆ ಆಟ ಒಂದ್ ಸಲ ತಗದ್ ಕೊಡು.”

ಅವನು ತೆರೆದುಕೊಟ್ಟು ಆಟೋ ಕರೆಯಲು ಹೋದ. ಅವಳು ಕೆಳಗಿನ ಬಾಣ ಎಂದುಕೊಂಡು ಮೇಲಿನದನ್ನು ಒತ್ತಿದಳು. ಒಂದು ಎಂದು ಎಣಿಸಿ ಎಂಟರ್ ಒತ್ತಿದಳು. ಆಗ ಕಂಡಿತು. ಚುಕ್ಕಿ ಮೊದಲ ಸಾಲಿನಿಂದ ಸುತ್ತಿ ಕೊನೆಗೆ ಜಿಗಿದಿತ್ತು. ಮೂರನೆಯದು.

ಪರದೆಯ ಮೇಲೆ ಇಂಗ್ಲಿಷಿನ ಎರಡು ಹೊಸ ಸಾಲು ಬಂದವು. ಇದನ್ನು ಅವನು ಹೇಳಿಕೊಟ್ಟಿರಲಿಲ್ಲ.

“ವೀರೇಂದ್ರಪಾ, ಲಗೂ ಬಾ! ಅಳಿಸಿಬಿಟ್ನೋ ಏನೋ!”

ಅವನು ಓಡಿಬಂದು ಓದಿದ. “ಅಳಿಸ್ಲೋ ಬ್ಯಾಡೋ ಅಂತ ಕೇಳಾಕತ್ತೈತಿ. ಚುಕ್ಕಿ ‘ಬ್ಯಾಡ’ ಅನ್ನೂ ಸಾಲಿನ ಮ್ಯಾಲ ಕುಂತೈತಿ, ಹಂಗ ಒತ್ತಿದ್ರೂ ಏನೂ ಹೋಗಂಗಿಲ್ಲ. ಅಣ್ಣ ಬೇಕಂತನ ಹಿಂಗ ಇಟ್ಟಾನ.”

ಯಾರ ಕೈ ನೆನೆದು ಇಟ್ಟನೆಂದು ಅವಳಿಗೆ ಗೊತ್ತಿತ್ತು. ಎಂಟರ್ ಒತ್ತಿದಳು. ಚುಕ್ಕಿ ಮತ್ತೆ ಮೊದಲ ಸಾಲಿಗೆ ಬಂತು. ಈ ಸಲ ನೋಡಿಕೊಂಡು ಒಂದೇ ಒಂದು ಸಾಲು ಇಳಿಸಿ ಎಂಟರ್ ಒತ್ತಿದಳು.

ಚೀಲದವನು ಬಾಗಿಲಲ್ಲೇ ನಿಂತಿದ್ದ. ಇನ್ನೊಂದು ಹೆಜ್ಜೆ ಇಟ್ಟರೆ ಆಟ ಮುಗಿಯುತ್ತಿತ್ತು. ಅವಳು ಕೈ ತೆಗೆದಳು.

“ಆಟೋ ಕಳಿಸಿಬಿಡಪಾ” ಎಂದಳು. “ಇದು ಇಲ್ಲೇ ಇರಲಿ.”