ಹಳೆಯ ಕಾರಿಗೆ ಹೊಸ ಬ್ರೇಕು

"ಈ ಗಾಡ್ಯಾಗ ನಾ ಬರೂದಿಲ್ಲ. ಬ್ರೇಕ್ ಹಿಡಿಯೂದಿಲ್ಲ ಇದರದು" ಎಂದು ನನ್ನ ಗಂಡ ಹೊಸ್ತಿಲ ಮೇಲೆ ಕೂತುಬಿಟ್ಟರೆ ನನ್ನ ಎದೆ ಧಸಕ್ಕೆನ್ನುತ್ತಿತ್ತು. ಅವರ ಎರಡೂ ಕಿಡ್ನಿ ಹೋಗಿದ್ದವು. ವಾರಕ್ಕೆ ಮೂರು ಸಲ ರಬಕವಿಯ ನಮ್ಮ ಮನೆಯಿಂದ ಜಮಖಂಡಿಯ ಆಸ್ಪತ್ರೆಗೆ ಕರೆದೊಯ್ದು ಡಯಾಲಿಸಿಸ್ ಮಾಡಿಸಬೇಕು. ಒಂದು ಸಲ ತಪ್ಪಿದರೆ ಕಾಲು ಬಾತು ಉಸಿರಾಡಲು ಕಷ್ಟವಾಗುತ್ತಿತ್ತು. ಮೇಲಿಂದ ಮೇಲೆ ತಪ್ಪಿದರೆ ಏನಾಗುತ್ತದೆಂದು ಡಾಕ್ಟರು ನನ್ನ ಮುಖ ನೋಡದೆಯೇ ಹೇಳಿದ್ದರು. ಬಸ್ಸಿನ ಗದ್ದಲ ಅವರಿಗೆ ತಡೆಯುತ್ತಿರಲಿಲ್ಲ. ಕಾರು ಹತ್ತಿದರೆ ಉಳಿಯುತ್ತಾರೆ, ಹತ್ತದಿದ್ದರೆ ಇಲ್ಲ. ಅಷ್ಟೇ ಮಾತು.

ಕಾರು ಹದಿನೆಂಟು ವರ್ಷ ಹಳೆಯದು. ಐವತ್ತೆರಡನೆಯ ವಯಸ್ಸಿನಲ್ಲಿ ನನಗೆ ಅದನ್ನು ಓಡಿಸಲು ಕಲಿಸಿದವರು ಅವರೇ. ಕಲಿಸಿದ ಮೇಲೆ ನಂಬಬೇಕೋ ಬೇಡವೋ? ನಾನು ಬ್ರೇಕು ತುಳಿಯುವ ಮೊದಲೇ ಪಕ್ಕದಲ್ಲಿ ಕೂತ ಅವರ ಬಲಗಾಲು ಎದುರಿನ ತಗಡನ್ನು ಒತ್ತುತ್ತಿತ್ತು. ಅದನ್ನು ಕಂಡರೆ ನನಗೆ ಮೈಯೆಲ್ಲ ಉರಿ. "ಅಲ್ಲೇನೈತ್ರೀ, ನಿಮ್ಮಜ್ಜನ ಬ್ರೇಕು?" ಎಂದು ಬೈಯುತ್ತಿದ್ದೆ. ಆದರೆ ಅವರ ಅಂಜಿಕೆ ಸುಳ್ಳಲ್ಲ. ಬ್ರೇಕು ಕಿರ್ರೆಂದು ಕಿರುಚಿ, ನಡುಗಿ, ಎರಡು ಮಾರು ಮುಂದೆ ಹೋಗಿ ನಿಲ್ಲುತ್ತಿತ್ತು. ಒಂದು ದಿನ ಅವರು ಹತ್ತಲೇ ಇಲ್ಲ. "ಸಾಕಾತ್ ಬಿಡ. ನನ್ನ ಸಲುವಾಗಿ ನೀ ಯಾಕ ಸಾಯ್ತಿ?" ಅಂದರು. ನನ್ನ ಮೇಲಿನ ಕಾಳಜಿಗೆ ಅಂದರೋ, ಜೀವವೇ ಬೇಡಾಗಿ ಅಂದರೋ ತಿಳಿಯದೆ ಆ ಇಡೀ ದಿನ ಒದ್ದಾಡಿದೆ.

ಮರುದಿನವೇ ಮುಧೋಳಕ್ಕೆ ಬಸ್ಸು ಹಿಡಿದೆ. ಹಳೆಯ ಕಾರುಗಳ ಸಾಮಾನು ಅಲ್ಲಿಯ ಒಂದು ಅಂಗಡಿಯಲ್ಲಿ ಸಿಗುತ್ತದೆಂದು ನಮ್ಮ ಕಾರಿನ ಮೇಸ್ತ್ರಿ ಹೇಳಿದ್ದ. ಅಂಗಡಿಯವರು ಬ್ರೇಕ್ ಪ್ಯಾಡಿನ ಮೂರು ಡಬ್ಬಿ ಇಟ್ಟರು. "ಇದು ಗಟ್ಟಿ, ಭಾಳ ದಿನ ಬರತೈತಿ, ಆದರ ಡಿಸ್ಕ್ ತಿಂತೈತಿ. ಇದು ಮೆತ್ತಗ, ಛಲೋ ಹಿಡಿತೈತಿ, ಲಗೂ ಸವೀತೈತಿ. ಇದು ನಡುವಿಂದು. ಯಾವ್ದ ಕೊಡ್ಲಿ ಅಕ್ಕಾರ?"

"ಕುಂತಾವ್ರ ಅಂಜಬಾರದು, ಅಂಥಾದ್ದ ಕೊಡ್ರಿ" ಎಂದೆ.

ನಕ್ಕವರು ನನ್ನ ಮುಖ ನೋಡಿ ಡಬ್ಬಿಗಳನ್ನು ನನ್ನತ್ತ ಸರಿಸಿದರು. ಮೆತ್ತಗಿನದನ್ನು ಎತ್ತಿಕೊಂಡೆ. "ಲಗೂ ಸವದರ ಸವೀಲಿ, ನಮಗೇನ ಭಾಳ ದಿನ..." ಎನ್ನುತ್ತಿದ್ದವಳು ನಾಲಿಗೆ ಕಚ್ಚಿಕೊಂಡೆ. ಥೂ, ಎಂಥ ಮಾತು ಬಾಯಿಗೆ ಬಂದಿತ್ತು! ಪ್ಯಾಡು ಕಚ್ಚುವ ತಟ್ಟೆಯನ್ನೇ, ಹೊಸ ಮಾದರಿಯ ದೊಡ್ಡ ಡಿಸ್ಕನ್ನೇ ಕೂರಿಸೋಣವೆಂದರೆ, "ನಿಮ್ಮ ಗಾಲ್ಯಾಗ ಅದು ಹಿಡಸೂದಿಲ್ರಿ" ಅಂದರು. ನಮ್ಮದೇ ಅಳತೆಯ ಹೊಸ ಡಿಸ್ಕು, ಬ್ರೇಕಿನ ರಬ್ಬರ್ ಪೈಪು ತಂದೆ. ಮೇಸ್ತ್ರಿ ಒಂದು ದಿನ ಕೂತು ಎಲ್ಲ ಹಾಕಿಕೊಟ್ಟ. "ಹೊಸಾ ಪ್ಯಾಡ ಅಕ್ಕಾರ. ಕೂಡೂತನಕ ಒಂದೀಟ ಜಾರಿದಂಗ ಅನಸ್ತೈತಿ. ಸಾವಕಾಶ ಹೊಡೀರಿ" ಎಂದ. ನನ್ನ ಗಂಡ ಗೊಣಗುತ್ತಲೇ ಹತ್ತಿದರು. ಹತ್ತಿದರಲ್ಲ, ನನಗೆ ಅದೇ ಹಬ್ಬ.

ಆ ವಾರವೇ ಖಂಡೆಪೂಜೆ, ಅಂದರೆ ಆಯುಧಪೂಜೆ, ಬಂತು. ಮೂವತ್ತು ವರ್ಷ ಅವರು ಸೀರೆಯ ಮಗ್ಗ ನಡೆಸಿದವರು. ಖಂಡೆಪೂಜೆಯ ದಿನ ಒಂದೊಂದು ಮಗ್ಗವನ್ನೂ ಒರೆಸಿ, ಎಣ್ಣೆ ಹಾಕಿ, ವಿಭೂತಿ ಹಚ್ಚಿದ ಮೇಲೆಯೇ ಊಟ. ಅವರಿಗೆ ನಿಲ್ಲಲಾಗದೆ ಹೋದಾಗ ಮಗ್ಗಗಳನ್ನು ಮಾರಿದೆವು. ಪೂಜೆಗೆಂದು ಮನೆಯಲ್ಲಿ ಉಳಿದಿದ್ದ ಯಂತ್ರವೆಂದರೆ ಈ ಕಾರು. ನಾನು ಒಳಗೆ ಹೋಳಿಗೆ ಬೇಯಿಸುವಾಗ ಅವರು ಮಣೆ ಹಾಕಿಕೊಂಡು ಕಾರಿನ ಪಕ್ಕ ಕೂತಿದ್ದರು. ಹಾಸಿಗೆ ಬಿಟ್ಟು ಎದ್ದರಲ್ಲ ಎಂಬ ಖುಷಿಯಲ್ಲಿ ನಾನು ಹೊರಗೆ ಹೋಗಿ ನೋಡಲಿಲ್ಲ.

ಮರುದಿನ ದಸರೆಯ ಬನ್ನಿ ಹಬ್ಬ, ಆಸ್ಪತ್ರೆಯ ದಿನವೂ ಹೌದು. ಬನಹಟ್ಟಿಯ ಸರ್ಕಲ್ಲಿನಲ್ಲೇ ಕಾರು ಸ್ವಲ್ಪ ಜಾರಿತು, ಸುಟ್ಟ ವಾಸನೆಯೂ ಬಂತು. ಮೇಸ್ತ್ರಿಯ ಮಾತು ನೆನಪಾಗಿ, ಪ್ಯಾಡು ಇನ್ನೂ ಕೂಡಿಲ್ಲವೆಂದು ಮುಂದೆ ಹೊರಟೆ. ಜಮಖಂಡಿ ಎರಡು ಮೈಲಿ ಇರುವಾಗ ಇಳಿಜಾರಿನಲ್ಲಿ ಕುರಿಹಿಂಡು ಅಡ್ಡ ಬಂತು. ತುಳಿದೆ. ಕಾಲ ಕೆಳಗೆ ಬ್ರೇಕು ಕಲ್ಲಿನಂತೆ ಗಟ್ಟಿ, ಕಾರು ಮಾತ್ರ ಓಡುತ್ತಲೇ ಇದೆ. "ಹಿಡೀವಲ್ದ್ರೀ! ಹಿಡೀವಲ್ದು!" ಎಂದು ಕಿರುಚುತ್ತ ಪಕ್ಕದ ಕಬ್ಬಿನ ಹೊಲಕ್ಕೆ ತಿರುಗಿಸಿದೆ. ಕಬ್ಬು ಮುರಿಯುತ್ತ ಹೋಗಿ ನಿಂತಿತು. "ಕಣ್ಣ ಎಲ್ಲಿಟ್ಟಿದ್ದಿ ಯವ್ವಾ?" ಎಂದು ಕೂಗುತ್ತ ಓಡಿಬಂದ ಕುರಿಗಾಹಿ, ಇವರನ್ನು ನೋಡಿ, ಹೆಗಲಿನ ನೀರಿನ ಬಾಟಲಿ ಬಿಚ್ಚಿ ಕೊಟ್ಟ.

ಫೋನು ಮಾಡಿ ಮೇಸ್ತ್ರಿಗೆ ಬಾಯಿಗೆ ಬಂದಂತೆ ಬೈದೆ. ಬೈಕಿನಲ್ಲಿ ಬಂದವನು ಗಾಲಿಯನ್ನು ನೋಡುತ್ತ ನಿಂತಾಗ ಇನ್ನೂ ರೇಗಿತು. "ಡುಪ್ಲಿಕೇಟ್ ಹಾಕಿ, ಊರ ಸುಟ್ರೂ ಹಣಮಪ್ಪ ಹೊರಗ ಅನ್ನೂಹಂಗ ನಿಂತೀಯೇನ?" ಎಂದೆ. ಅವನು ಗಾಲಿ ಬಿಚ್ಚಿ, ಡಿಸ್ಕಿಗೆ ಬೆರಳು ಒರೆಸಿ ಮೂಸಿದ. "ಅಕ್ಕಾರ, ಇದಕ್ಕ ಎಣ್ಣಿ ಯಾರ ಹಚ್ಯಾರ್ರೀ?"

"ನಾ ಹಚ್ಚೀನಿ" ಎಂದರು ನನ್ನ ಗಂಡ. "ಹೊಸಾ ಕಬ್ಬಿಣ. ಜಂಗ ಹಿಡಿಬಾರದಂತ."

ಮಗ್ಗದ ಉದ್ದ ಮೂತಿಯ ಎಣ್ಣೆಡಬ್ಬಿಯನ್ನು ಮುಂದಿನ ಗಾಲಿಗಳ ತೂತುಗಳಲ್ಲಿ ತೂರಿಸಿ, ಎರಡೂ ಕಡೆ ತೃಪ್ತಿಯಾಗುವಷ್ಟು ಹಾಕಿದ್ದರಂತೆ. ಹೊಳೆಯುವ ಕಬ್ಬಿಣ ಕಂಡರೆ ಎಣ್ಣೆ ಹಾಕಬೇಕು. ಅವರ ಕೈಗೆ ಗೊತ್ತಿದ್ದದ್ದು ಅದೊಂದೇ. ನನ್ನ ತಲೆಯಲ್ಲಿ ಮಾತ್ರ ಅವರ 'ಸಾಕಾತ್ ಬಿಡ' ಕುದಿಯುತ್ತಿತ್ತು. "ಸಾಯೂದಿದ್ರ ನೀವೊಬ್ರ ಸಾಯ್ರಿ! ನನ್ನ ಯಾಕ ಎಳಕೊಂಡ ಹೋಗ್ತೀರಿ?" ಎಂದು ಚೀರಿದೆ. ಹಗೆಯವರಿಗೂ ಬನ್ನಿ ಕೊಟ್ಟು ಬಂಗಾರದಂಗ ಇರೂಣು ಎನ್ನುವ ದಿನ ನಾನು ಗಂಡನಿಗೆ ಆಡಿದ ಮಾತು ಇದು.

ಮೇಸ್ತ್ರಿ ಒಳಗೆ ಬಗ್ಗಿ ನೋಡಿದ. "ಹ್ಯಾಂಡ್‌ಬ್ರೇಕ್ ಎಳದದ್ದು ಛಲೋ ಆತ್ರಿ. ಅದು ಹಿಂದಿನ ಗಾಲಿ ಹಿಡಿತೈತಿ, ಅದಕ್ಕ ಉಳದೀರಿ."

ನಾನು ಎಳೆದಿರಲಿಲ್ಲ. ನನ್ನ ಎರಡೂ ಕೈ ಸ್ಟೇರಿಂಗಿನ ಮೇಲಿದ್ದವು. ಅವರು ಡಯಾಲಿಸಿಸ್ ಸೂಜಿ ಚುಚ್ಚುವ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು ಕೂತಿದ್ದರು. ಭಾರ ಬೀಳಬಾರದೆಂದು ಡಾಕ್ಟರು ಹೇಳಿದ್ದ ಕೈ. ತಪ್ಪಾಯಿತೆನ್ನಲು ಬಾಯಿ ಬರಲಿಲ್ಲ. ಆಸ್ಪತ್ರೆಗೆ ಟಂಟಂ ರಿಕ್ಷಾದಲ್ಲಿ ಹೋದೆವು. ಮೇಸ್ತ್ರಿ ಕಾರನ್ನು ಹ್ಯಾಂಡ್‌ಬ್ರೇಕಿನ ಮೇಲೆಯೇ ತೆವಳಿಸಿಕೊಂಡು ಮನೆಗೆ ಮುಟ್ಟಿಸಿದ.

ಮುಂದಿನ ಸರದಿಗೆ ಮನೆಯ ಮುಂದೆ ಬಾಡಿಗೆ ಗಾಡಿ ನಿಲ್ಲಿಸಿದೆ. ಅವರು ಹೊಸ್ತಿಲು ಬಿಟ್ಟು ಏಳಲಿಲ್ಲ. "ನನ್ನ ಕೈಲೆ ಇನ್ನ ಏನೂ ಆಗೂದಿಲ್ಲ. ಬಿಟ್ಟ ಬಿಡ ನನ್ನ" ಅಂದರು. ಕಾಲು ಹಿಡಿದೆ, ಅತ್ತೆ, ದೇವರನ್ನೂ ಬೈದೆ. ಆ ಸರದಿ ತಪ್ಪಿತು. ಮರುದಿನ ಬೆಳಿಗ್ಗೆ ಅವರ ಪಾದದ ಮೇಲೆ ಬೆರಳು ಒತ್ತಿದರೆ ಗುಳಿ ಹಾಗೆಯೇ ಉಳಿಯುತ್ತಿತ್ತು.

ಆಗ ನನಗೇನು ಹೊಳೆಯಿತೋ, ಮೇಸ್ತ್ರಿಯನ್ನು ಮನೆಗೇ ಕರೆಸಿದೆ. ಎಣ್ಣೆ ಕುಡಿದ ಪ್ಯಾಡು ಕೆಲಸಕ್ಕೆ ಬಾರದೆಂದು ಅವನು ಹೊಸದನ್ನೇ ತಂದಿದ್ದ. ಡಿಸ್ಕು ಒರೆಸಲು ಹೋದವನನ್ನು ತಡೆದು, ಗಂಡನ ಮುಂದೆ ಮಣೆ, ಬಿಸಿ ಸೋಪಿನ ನೀರು, ಹಳೆಯ ಸೀರೆಯ ಚೂರು ಇಟ್ಟೆ.

"ನೀವ ಹಚ್ಚೀರಿ, ನೀವ ಒರಸ್ರಿ. ಬ್ಯಾರೆದಾವ್ರ ಒರಸಿದ್ರ ನಾ ನಂಬೂದಿಲ್ಲ."

ಸೀರೆಯ ಚೂರನ್ನು ಎಳೆದುಕೊಂಡರು. ಆಮೇಲೆ ಗೋಡೆ ಹಿಡಿದು ಎದ್ದರು. ಉಸಿರು ಹತ್ತಿದಾಗ ನಿಲ್ಲಿಸಿ, ಮತ್ತೆ ಒರೆಸಿ, ಅಂಚಿನ ಸಂದಿಗೆ ಉಗುರು ಹಾಕಿ ಕೆರೆದು, ಬಟ್ಟೆ ಬೆಳ್ಳಗೆ ಬರುವ ತನಕ ಬಿಡಲಿಲ್ಲ. ಮೇಸ್ತ್ರಿ ಪ್ಯಾಡು ಕೂರಿಸಿ ಗಾಲಿ ಬಿಗಿದು, ತಾನೇ ಒಂದು ಸುತ್ತು ಹೊಡೆದು ನೋಡಿದ.

ಅಂದೇ ಹೊರಟೆವು. ಬನಹಟ್ಟಿಯ ಸರ್ಕಲ್ಲಿನಲ್ಲಿ ಲಾರಿ ಅಡ್ಡ ಬಂತು, ತುಳಿದೆ. ಕಾರು ನಿಂತಿತು. ರೂಢಿಯಂತೆ ನನ್ನ ಕಣ್ಣು ಅವರ ಬಲಗಾಲಿನ ಮೇಲೆ ಹೋಯಿತು. ಅದು ಕದಲಿರಲಿಲ್ಲ.

ನನ್ನ ಜೀವವೇ ಹಾರಿಹೋಯಿತು. "ಏನ್ರೀ! ಏನ್ರೀ!" ಎಂದು ಭುಜ ಹಿಡಿದು ಅಲುಗಾಡಿಸಿದೆ.

"ಮುಂದ ನೋಡಿ ಹೊಡಿ" ಎಂದರು.

"ಮತ್ತ ಕಾಲ ಯಾಕ ಒತ್ತಲಿಲ್ಲ?"

"ಹಿಡಿತೈತಿ ಬಿಡ" ಎಂದರು. "ನಾನ ಒರಸೀನಲ್ಲ."